ಸೊಂಟದ ಪಿಸ್ತೂಲು ಮತ್ತು ಅಭಯದಾನ

ಶ್ರಾವಕನ ಮೂರು ಗುಣವ್ರತಗಳಲ್ಲಿ ಅನರ್ಥದಂಡವಿರತಿಯೂ ಒಂದು. ಪ್ರಯೋಜನವಿಲ್ಲದೆ ಪಾಪಾಸ್ರವಕ್ಕೆ ಕಾರಣವಾಗುವ ಕ್ರಿಯೆಗಳಿಂದ ದೂರವಿರುವುದೇ ಈ ವ್ರತದ ತಿರುಳು. ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ವಿಂಗಡಿಸಿ, ಅವುಗಳಲ್ಲಿ ಹಿಂಸಾದಾನವನ್ನೂ ಎಣಿಸಿದ್ದಾರೆ. ಕೊಡಲಿ, ಖಡ್ಗ, ಗುದ್ದಲಿ, ಬೆಂಕಿ, ಆಯುಧ, ವಿಷ, ಸಂಕೋಲೆ ಮುಂತಾದ ಹಿಂಸೋಪಕರಣಗಳನ್ನು ಪರರಿಗೆ ಕೊಡುವುದೇ ಹಿಂಸಾದಾನ. ಕೊಡುವವನು ಯಾರನ್ನೂ ಕೊಲ್ಲುವುದಿಲ್ಲ. ಆದರೂ ಕೊಲ್ಲಬಲ್ಲ ವಸ್ತು ಕೈಯಿಂದ ಕೈಗೆ ದಾಟುವಾಗ ಅದರ ಹೊಣೆಯಲ್ಲಿ ಒಂದು ಪಾಲು ಅವನಲ್ಲಿಯೂ ಉಳಿಯುತ್ತದೆ ಎಂಬುದು ಆಚಾರ್ಯರ ಅಭಿಪ್ರಾಯ.

ಇದೇ ವ್ರತವನ್ನು ಹೊತ್ತ ಸಾವಿರಾರು ಜೈನ ಕುಟುಂಬಗಳು ಇಂದು ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ನೆಲೆಸಿವೆ. ಉತ್ತರ ಅಮೆರಿಕದ ಜೈನ ಸಂಘಗಳ ಒಕ್ಕೂಟವು 1981ರಷ್ಟು ಹಿಂದೆಯೇ ಸ್ಥಾಪನೆಯಾಯಿತು. ನ್ಯೂಜೆರ್ಸಿಯಲ್ಲಿ ಆಚಾರ್ಯ ಸುಶೀಲಕುಮಾರರ ಪ್ರೇರಣೆಯಿಂದ 1983ರಲ್ಲಿ ಸಿದ್ಧಾಚಲವೆಂಬ ತೀರ್ಥವು ರೂಪುಗೊಂಡಿತು. ಟೆಕ್ಸಾಸ್‌ನ ಹೂಸ್ಟನ್, ಡಲ್ಲಾಸ್ ಪರಿಸರಗಳಲ್ಲಿಯೂ ಜಿನಮಂದಿರಗಳಿವೆ. ಕರ್ನಾಟಕದಿಂದ ಹೋದ ಶ್ರಾವಕರೂ ಈ ಸಮಾಜದಲ್ಲಿ ಸೇರಿದ್ದಾರೆ. ಆ ದೇಶದ ಬಹುತೇಕ ರಾಜ್ಯಗಳಲ್ಲಿ ಸಾಮಾನ್ಯ ನಾಗರಿಕನು ಗುಂಡು ತುಂಬಿದ ಪಿಸ್ತೂಲನ್ನು ಸೊಂಟದ ಪಟ್ಟಿಗೆ ಕಟ್ಟಿಕೊಂಡು, ಎಲ್ಲರಿಗೂ ಕಾಣುವಂತೆ, ಅಂಗಡಿಗೆ, ಉದ್ಯಾನಕ್ಕೆ, ಹೋಟೆಲಿಗೆ ಹೋಗಬಹುದು. ಆದುದರಿಂದ ಹಿಂದೆ ಯಾವ ಶ್ರಾವಕಾಚಾರ ಗ್ರಂಥವೂ ಈ ರೂಪದಲ್ಲಿ ಎದುರಿಸದ ಪ್ರಶ್ನೆಯೊಂದು ಅಲ್ಲಿಯ ಗೃಹಸ್ಥನ ಮುಂದೆ ನಿಂತಿದೆ. ಆತ್ಮರಕ್ಷಣೆಗೆಂದು ಕಾನೂನು ಕೊಡುವ ಈ ಅನುಮತಿಯನ್ನು ಅಣುವ್ರತಿಯು ಬಳಸಿಕೊಳ್ಳಬಹುದೇ? ಜಿನಮಂದಿರದ ಬಾಗಿಲಲ್ಲಿ ಟ್ರಸ್ಟಿನವರು ಇದಕ್ಕೆ ಏನು ಹೇಳಬೇಕು?

ಕಾನೂನು ನಡೆದುಬಂದ ದಾರಿ

ಅಮೆರಿಕದ ಸಂವಿಧಾನದ ಎರಡನೆಯ ತಿದ್ದುಪಡಿಯು 1791ರಲ್ಲಿ ಅಂಗೀಕೃತವಾಯಿತು. ಆಯುಧಗಳನ್ನು ಹೊಂದುವ ಮತ್ತು ಧರಿಸುವ ಜನರ ಹಕ್ಕನ್ನು ಅದು ಹೇಳುತ್ತದೆ. ಆದರೆ ಆ ಹಕ್ಕು ನಾಗರಿಕ ಸೇನಾದಳಕ್ಕೆ ಸಂಬಂಧಿಸಿದ್ದೋ, ಪ್ರತಿಯೊಬ್ಬ ವ್ಯಕ್ತಿಗೂ ಸೇರಿದ್ದೋ ಎಂಬ ವಾದ ಬಹುಕಾಲ ನಡೆಯಿತು. ಮನೆಯೊಳಗೆ ಆತ್ಮರಕ್ಷಣೆಗೆ ಪಿಸ್ತೂಲು ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ಹೆಲ್ಲರ್ ಪ್ರಕರಣದಲ್ಲಿ ಐದಕ್ಕೆ ನಾಲ್ಕು ಮತಗಳಿಂದ ತೀರ್ಪಿತ್ತಿತು. ಮನೆಯ ಹೊರಗೂ ಆ ಹಕ್ಕು ಉಂಟೆಂದು 2022ರ ಜೂನ್‌ನಲ್ಲಿ ಬ್ರೂಯೆನ್ ಪ್ರಕರಣದಲ್ಲಿ ಆರಕ್ಕೆ ಮೂರು ಮತಗಳಿಂದ ನಿರ್ಣಯವಾಯಿತು.

ಹಾಗೆಂದು ಬಹಿರಂಗವಾಗಿ ಪಿಸ್ತೂಲು ಧರಿಸುವುದು ಆ ದೇಶದಲ್ಲಿ ಎಲ್ಲ ಕಾಲಕ್ಕೂ ನಡೆದುಬಂದ ಪದ್ಧತಿಯೆಂದು ಭಾವಿಸಬೇಕಾಗಿಲ್ಲ. ಕೌಬಾಯ್‌ಗಳ ನಾಡೆಂದು ಹೆಸರಾದ ಟೆಕ್ಸಾಸ್ 1871ರಲ್ಲಿಯೇ ಸಾರ್ವಜನಿಕ ಸ್ಥಳಗಳಲ್ಲಿ ಪಿಸ್ತೂಲು ಧರಿಸುವುದನ್ನು ನಿರ್ಬಂಧಿಸಿತ್ತು. ಮರೆಮಾಡಿ ಧರಿಸಲು ಪರವಾನಿಗೆ ಕೊಡುವ ಕಾನೂನು ಅಲ್ಲಿ ಬಂದದ್ದು 1995ರಲ್ಲಿ. ಪರವಾನಿಗೆಯುಳ್ಳವರು ಬಹಿರಂಗವಾಗಿ ಧರಿಸಬಹುದೆಂದಾದದ್ದು 2016ರ ಜನವರಿ 1ರಿಂದ. ಪರವಾನಿಗೆಯೇ ಬೇಡವೆಂದಾದದ್ದು 2021ರ ಸೆಪ್ಟೆಂಬರ್ 1ರಿಂದ. 1987ರಿಂದ ಬಹಿರಂಗ ಧಾರಣೆಯನ್ನು ನಿಷೇಧಿಸಿದ್ದ ಫ್ಲೋರಿಡಾದ ಕಾನೂನನ್ನು 2025ರ ಸೆಪ್ಟೆಂಬರಿನಲ್ಲಿ ಅಲ್ಲಿಯ ಮೇಲ್ಮನವಿ ನ್ಯಾಯಾಲಯವೊಂದು ಅಸಿಂಧುಗೊಳಿಸಿತು. 2024ರ ಹೊತ್ತಿಗೆ 29 ರಾಜ್ಯಗಳು ಪರವಾನಿಗೆಯಿಲ್ಲದೆ ಪಿಸ್ತೂಲು ಧರಿಸಲು ಅನುಮತಿಸಿದ್ದವು. ನಾಲ್ಕು ತಲೆಮಾರುಗಳ ಕಾಲ ತಪ್ಪೆಂದು ಎಣಿಸಲಾಗಿದ್ದುದು ಒಂದೇ ತಲೆಮಾರಿನಲ್ಲಿ ಹಕ್ಕಾಗಿ ಪರಿಣಮಿಸಿತು. ಕಾನೂನು ಹೀಗೆ ಹಿಂದಕ್ಕೂ ಮುಂದಕ್ಕೂ ಸರಿಯುವುದು ಲೋಕರೂಢಿ. ಆದರೆ ವ್ರತವು ಶಾಸನಸಭೆಯ ಮತಗಣನೆಯನ್ನು ಅವಲಂಬಿಸಿ ನಿಲ್ಲುವಂಥದ್ದಲ್ಲ.

ಭಯವು ಸುಳ್ಳಲ್ಲ

ಪಿಸ್ತೂಲು ಧರಿಸುವವರೆಲ್ಲ ಕ್ರೂರಿಗಳೆಂದು ಬಗೆಯುವುದು ಅನ್ಯಾಯ. ಅವರ ವಾದವನ್ನು ಅದರ ಪೂರ್ಣಬಲದೊಡನೆ ಕೇಳುವುದು ಅನೇಕಾಂತದ ಮೊದಲ ಪಾಠ.

1991ರ ಅಕ್ಟೋಬರ್ 16ರಂದು ಟೆಕ್ಸಾಸ್‌ನ ಕಿಲೀನ್ ಊರಿನ ಭೋಜನಶಾಲೆಯೊಂದಕ್ಕೆ ಟ್ರಕ್ ನುಗ್ಗಿಸಿದ ವ್ಯಕ್ತಿಯೊಬ್ಬನು 23 ಜನರನ್ನು ಗುಂಡಿಟ್ಟು ಕೊಂದನು. ಸುಝಾನಾ ಹಪ್ ಎಂಬ ಮಹಿಳೆ ಅಂದು ತಂದೆತಾಯಿಗಳೊಡನೆ ಅಲ್ಲಿ ಊಟಕ್ಕೆ ಕುಳಿತಿದ್ದರು. ಕಾನೂನು ನಿಷೇಧಿಸಿದ್ದುದರಿಂದ ಅವರು ತಮ್ಮ ರಿವಾಲ್ವರನ್ನು ಕಾರಿನಲ್ಲಿಯೇ ಬಿಟ್ಟು ಬಂದಿದ್ದರು. ಅಂದು ಅವರ ತಂದೆಯೂ ತಾಯಿಯೂ ಹತರಾದರು. ಮುಂದೆ ಆಕೆ ಶಾಸಕಿಯಾದರು. ಆಯುಧ ಧರಿಸುವ ಹಕ್ಕಿನ ಪರವಾಗಿ ಹಲವೆಡೆ ಸಾಕ್ಷ್ಯ ನುಡಿದರು. ಅಂಥ ಮಗಳ ಮಾತನ್ನು ಯಾರೂ ಹಗುರವಾಗಿ ತಳ್ಳಿಹಾಕುವಂತಿಲ್ಲ. 2019ರ ಡಿಸೆಂಬರ್ 29ರಂದು ಅದೇ ರಾಜ್ಯದ ವೈಟ್ ಸೆಟ್ಲ್‌ಮೆಂಟ್ ಎಂಬಲ್ಲಿಯ ಚರ್ಚಿನಲ್ಲಿ ಪ್ರಾರ್ಥನೆಯ ವೇಳೆ ಒಬ್ಬನು ಇಬ್ಬರನ್ನು ಕೊಂದಾಗ, ಭದ್ರತಾ ತಂಡದ ಸ್ವಯಂಸೇವಕರೊಬ್ಬರು ಆರು ಸೆಕೆಂಡುಗಳಲ್ಲಿ ಅವನನ್ನು ಗುಂಡಿಟ್ಟು ತಡೆದರು. ಅವರು ಪಿಸ್ತೂಲು ತರಬೇತಿ ಕೊಡುವವರಾಗಿದ್ದರು. ಅವರಿಲ್ಲದಿದ್ದರೆ ಇನ್ನಷ್ಟು ಜೀವಗಳು ಹೋಗುತ್ತಿದ್ದವು ಎಂಬುದರಲ್ಲಿ ಸಂದೇಹವಿಲ್ಲ. ಹತರಾದ ಇಬ್ಬರಲ್ಲಿ ಒಬ್ಬರು ಅದೇ ಭದ್ರತಾ ತಂಡದವರೇ ಆಗಿದ್ದರೆಂಬುದನ್ನೂ ಮರೆಯಬಾರದು.

ಭಾರತ ಮೂಲದವರ ಭಯಕ್ಕೆ ಇನ್ನೂ ಬೇರೆ ಕಾರಣಗಳಿವೆ. 2012ರ ಆಗಸ್ಟ್ 5ರಂದು ವಿಸ್ಕಾನ್ಸಿನ್ ರಾಜ್ಯದ ಓಕ್ ಕ್ರೀಕ್ ಗುರುದ್ವಾರದಲ್ಲಿ ಆರು ಜನ ಹತರಾದರು; ಅಂದು ಗಾಯಗೊಂಡ ಇನ್ನೊಬ್ಬರು 2020ರಲ್ಲಿ ತೀರಿಕೊಂಡರು. 2017ರ ಫೆಬ್ರುವರಿಯಲ್ಲಿ ಕಾನ್ಸಾಸ್‌ನ ಒಲೇತಾ ಊರಿನಲ್ಲಿ ಭಾರತೀಯ ಎಂಜಿನಿಯರೊಬ್ಬರು ಜನಾಂಗದ್ವೇಷದ ಗುಂಡಿಗೆ ಬಲಿಯಾದರು. 2025ರ ಸೆಪ್ಟೆಂಬರಿನಲ್ಲಿ ಡಲ್ಲಾಸ್ ನಗರದ ಮೋಟೆಲಿನಲ್ಲಿ ಕರ್ನಾಟಕ ಮೂಲದ ವ್ಯವಸ್ಥಾಪಕರೊಬ್ಬರನ್ನು ಜೊತೆಯ ಕೆಲಸಗಾರನೇ ಹೆಂಡತಿ ಮಕ್ಕಳೆದುರು ಕತ್ತಿಯಿಂದ ಕೊಂದ ಸುದ್ದಿಯು ಕನ್ನಡ ಮನೆಗಳನ್ನೆಲ್ಲ ನಡುಗಿಸಿತು. ಇಂಥ ಸುದ್ದಿಯನ್ನು ಓದಿದ ಗೃಹಸ್ಥನು ತನ್ನ ಮಡದಿ ಮಕ್ಕಳ ಮುಖ ನೋಡಿದಾಗ ಅವನ ಮನಸ್ಸಿನಲ್ಲಿ ಏಳುವ ಆತಂಕವನ್ನು ಕೇವಲ ಉಪದೇಶದಿಂದ ಅಳಿಸಲಾಗದು.

ಶಾಸ್ತ್ರವು ಬಿಟ್ಟಿರುವ ಎಡೆ

ಜೈನಧರ್ಮದ ಅಹಿಂಸೆಯು ಹೇಡಿಯ ಅಹಿಂಸೆಯಲ್ಲ. ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುವುದು ವಾಡಿಕೆ. ಇವುಗಳಲ್ಲಿ ಬೇಕೆಂದೇ ಕೊಲ್ಲುವ ಸಂಕಲ್ಪೀ ಹಿಂಸೆಯನ್ನು ಅಣುವ್ರತಿಯು ಸರ್ವಥಾ ಬಿಡಬೇಕು. ಮನೆಗೆಲಸದ ಆರಂಭೀ ಹಿಂಸೆ, ಜೀವನೋಪಾಯದ ಉದ್ಯೋಗೀ ಹಿಂಸೆ ಮತ್ತು ಆಕ್ರಮಣಕಾರನನ್ನು ಎದುರಿಸುವಾಗ ಆಗುವ ವಿರೋಧೀ ಹಿಂಸೆ, ಈ ಮೂರನ್ನು ಗೃಹಸ್ಥನು ಪೂರ್ತಿಯಾಗಿ ತ್ಯಜಿಸಲಾರನು. ಅವುಗಳಲ್ಲಿ ಎಚ್ಚರ ವಹಿಸಬೇಕು, ಆದಷ್ಟು ತಗ್ಗಿಸಬೇಕು. ಅನುಮತಿಯೆಂದರೆ ನಿರ್ದೋಷವೆಂದಲ್ಲ, ಅನಿವಾರ್ಯವೆಂದು ಸಹಿಸಿಕೊಂಡದ್ದು ಎಂದಷ್ಟೇ ಅರ್ಥ.

ಇದಕ್ಕೆ ಕರ್ನಾಟಕದ ಇತಿಹಾಸವೇ ಸಾಕ್ಷಿ. ಶ್ರವಣಬೆಳಗೊಳದಲ್ಲಿ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ಮಂತ್ರಿಯೂ ದಂಡನಾಯಕನೂ ಆಗಿದ್ದನು. 978ರಲ್ಲಿ ತ್ರಿಷಷ್ಟಿಶಲಾಕಾಪುರುಷರ ಚರಿತೆಯನ್ನು ಗದ್ಯದಲ್ಲಿ ಬರೆದ ಅದೇ ಕೈ ರಣರಂಗದಲ್ಲಿ ಖಡ್ಗವನ್ನೂ ಹಿಡಿದಿತ್ತು. ಸಮರಪರಶುರಾಮನೆಂಬ ಬಿರುದನ್ನು ಹೊತ್ತವನನ್ನು ಜೈನಸಮಾಜವು ಹೊರಗಿಡಲಿಲ್ಲ, ಸಮ್ಯಕ್ತ್ವರತ್ನಾಕರನೆಂದು ಗೌರವಿಸಿತು. ಆದರೆ ಇಲ್ಲೊಂದು ಭೇದವನ್ನು ಗುರುತಿಸಬೇಕು. ಚಾವುಂಡರಾಯನ ಖಡ್ಗವು ರಾಜ್ಯದ ಖಡ್ಗ. ಅದನ್ನು ಎತ್ತುವುದಕ್ಕೆ ಅರಸನ ಆಜ್ಞೆಯಿತ್ತು, ಎತ್ತಿದ್ದಕ್ಕೆ ಉತ್ತರ ಕೊಡುವ ಹೊಣೆಯಿತ್ತು, ರಣರಂಗವೆಂಬ ಎಲ್ಲೆಯಿತ್ತು. ಇಂದಿನ ದಂಡನಾಯಕನ ಸ್ಥಾನದಲ್ಲಿರುವವರು ಪೊಲೀಸರೂ ಸೈನಿಕರೂ ಹೊರತು ತರಕಾರಿ ಕೊಳ್ಳಲು ಹೋಗುವ ಗೃಹಸ್ಥನಲ್ಲ. ಗೃಹಸ್ಥನು ತಾನೇ ಅಪಾಯವನ್ನು ಅಳೆದು, ತಾನೇ ತೀರ್ಪಿತ್ತು, ತಾನೇ ದಂಡಿಸುವ ಮೂರೂ ಅಧಿಕಾರಗಳನ್ನು ಸೊಂಟದಲ್ಲಿ ಹೊತ್ತು ನಡೆಯುತ್ತಾನೆ.

ಒಂದು ಕ್ಷಣದ ವಿರೋಧ, ದಿನವಿಡೀ ಸಿದ್ಧತೆ

ವಿರೋಧೀ ಹಿಂಸೆಯ ಮಾತು ಬಂದಾಗ ಸಾಮಾನ್ಯವಾಗಿ ಕಣ್ಣಮುಂದೆ ಬರುವುದು ಆಕ್ರಮಣದ ಆ ಒಂದು ಕ್ಷಣ. ಪಿಸ್ತೂಲಿನ ಪ್ರಶ್ನೆಯಾದರೋ ಆ ಕ್ಷಣಕ್ಕಿಂತ ಮೊದಲಿನ ಸಾವಿರಾರು ನಿರುಪದ್ರವಿ ಗಂಟೆಗಳ ಪ್ರಶ್ನೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಇದಕ್ಕೆ ಬೆಳಕು ಕೊಡುತ್ತದೆ. ಕರ್ಮಾಸ್ರವಕ್ಕೆ ಜೀವನು ಆಧಾರವಾಗುವ ಬಗೆಗಳನ್ನು ಉಮಾಸ್ವಾಮಿಗಳು ಅಲ್ಲಿ 108 ಎಂದು ಲೆಕ್ಕ ಹಾಕಿದ್ದಾರೆ. ಸಂರಂಭ, ಸಮಾರಂಭ, ಆರಂಭ ಎಂಬ ಮೂರು. ಮನ, ವಚನ, ಕಾಯ ಎಂಬ ಮೂರು. ಕೃತ, ಕಾರಿತ, ಅನುಮತ ಎಂಬ ಮೂರು. ಕ್ರೋಧ, ಮಾನ, ಮಾಯಾ, ಲೋಭವೆಂಬ ನಾಲ್ಕು ಕಷಾಯಗಳು. ಇವನ್ನು ಗುಣಿಸಿದರೆ 108. ಮಾಡಬೇಕೆಂಬ ನಿಶ್ಚಯವು ಸಂರಂಭ, ಅದಕ್ಕೆ ಬೇಕಾದ ಸಾಧನಗಳನ್ನು ಕೂಡಿಸುವುದು ಸಮಾರಂಭ, ಕೆಲಸಕ್ಕೆ ತೊಡಗುವುದು ಆರಂಭ. ಸಾಧನವನ್ನು ಕೂಡಿಸುವುದೇ ಪ್ರತ್ಯೇಕವಾದ ಒಂದು ದ್ವಾರವೆಂದು ಆಚಾರ್ಯರು ಎಣಿಸಿರುವುದು ಇಲ್ಲಿ ಗಮನಿಸತಕ್ಕ ಅಂಶ. ಗುಂಡು ಹಾರದಿದ್ದರೂ, ಹಾರಿಸಬೇಕಾಗಬಹುದೆಂಬ ನಿಶ್ಚಯದೊಡನೆ ದಿನವೂ ಪಿಸ್ತೂಲು ಕಟ್ಟಿಕೊಳ್ಳುವುದು ಸಂರಂಭವನ್ನೂ ಸಮಾರಂಭವನ್ನೂ ದಾಟಿ ಮೂರನೆಯದರ ಹೊಸ್ತಿಲಲ್ಲಿ ನಿಂತಂತೆ.

ಹೆದ್ದಾರಿಯ ಬದಿಯಲ್ಲಿ ಮೋಟೆಲ್ ನಡೆಸುವ ಶ್ರಾವಕನೊಬ್ಬನ ನಿತ್ಯಜೀವನವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಅವನು ಕಾರ್ಕಳದ ಕಡೆಯಿಂದ ಹೋದವನು. ನಸುಕಿನಲ್ಲಿ ಎದ್ದು ಣಮೋಕಾರ ಜಪಿಸುತ್ತಾನೆ. ಸೂರ್ಯಾಸ್ತಕ್ಕೆ ಮುಂಚೆ ಕೌಂಟರಿನ ಹಿಂದೆಯೇ ನಿಂತು ಊಟ ಮುಗಿಸಿಕೊಳ್ಳುತ್ತಾನೆ. ಎದುರು ರಸ್ತೆಯ ಮೋಟೆಲಿನಲ್ಲಿ ದರೋಡೆಯಾದ ಮೇಲೆ ಅವನು ಒಂದು ಪಿಸ್ತೂಲು ಕೊಂಡು ಸೊಂಟಕ್ಕೆ ಕಟ್ಟುತ್ತಾನೆ. ಮೊದಲ ವಾರ ಮನಸ್ಸಿಗೆ ಧೈರ್ಯವೆನಿಸುತ್ತದೆ. ಕ್ರಮೇಣ ಒಂದು ಬದಲಾವಣೆ ಕಾಣಿಸಿಕೊಳ್ಳುತ್ತದೆ. ಮೊದಲು ಬಂದವರ ಮುಖವನ್ನು ನೋಡುತ್ತಿದ್ದವನು ಈಗ ಅವರ ಕೈಗಳನ್ನು ನೋಡತೊಡಗುತ್ತಾನೆ. ಮಧ್ಯರಾತ್ರಿಯಲ್ಲಿ ಬಂದ ಮುದುಕನೊಬ್ಬನು ಕೋಟಿನೊಳಗೆ ಕೈಯಿಟ್ಟಾಗ ಇವನ ಕೈ ತಾನಾಗಿ ಸೊಂಟಕ್ಕೆ ಹೋಗುತ್ತದೆ. ಮುದುಕನು ತೆಗೆದದ್ದು ಹಣದ ಚೀಲ. ಏನೂ ಆಗಲಿಲ್ಲ, ಮುದುಕನಿಗೆ ತಿಳಿಯಲೂ ಇಲ್ಲ. ಆದರೆ ಇವನ ಮನಸ್ಸಿನಲ್ಲಿ ಒಂದು ನಿಮಿಷದ ಮಟ್ಟಿಗೆ ಆ ಮುದುಕನು ಕೊಲ್ಲಲು ಅರ್ಹನಾದ ಶತ್ರುವಾಗಿದ್ದನು.

ಊರಿನಿಂದ ತಾಯಿ ಫೋನಿನಲ್ಲಿ ಕೇಳುತ್ತಾಳೆ: "ಬಸದಿಗೆ ಹೋಗುವಾಗ ಅದನ್ನು ಏನು ಮಾಡುತ್ತಿ ಮಗಾ?"

"ಕಾರಿನಲ್ಲಿಟ್ಟು ಬೀಗ ಹಾಕುತ್ತೇನೆ ಅಮ್ಮಾ."

"ದೇವರ ಎದುರಿಗೆ ಬೇಡವಾದದ್ದು, ಮನೆಬಾಗಿಲಿಗೆ ಬಂದವರ ಎದುರಿಗೆ ಯಾಕೆ ಬೇಕು?"

"ದೇವರು ದರೋಡೆ ಮಾಡುವುದಿಲ್ಲವಲ್ಲ ಅಮ್ಮಾ."

ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿದೆ. ಮಗನು ಸುಳ್ಳು ಹೇಳುತ್ತಿಲ್ಲ. ಆದರೆ ತಾಯಿಯ ಪ್ರಶ್ನೆಗೆ ಅವನು ಉತ್ತರವನ್ನೂ ಕೊಟ್ಟಿಲ್ಲ. ಅವಳು ಕೇಳಿದ್ದು ದರೋಡೆಕಾರನ ವಿಷಯವನ್ನಲ್ಲ. ದರೋಡೆಕಾರರಲ್ಲದೆ ದಿನವೂ ಬಂದುಹೋಗುವ ನೂರು ಜನರ ವಿಷಯವನ್ನು.

ಭರತನ ಚಕ್ರ

ಆಯುಧವು ಕೈಗೆಟಕುವಂತಿದ್ದರೆ ಅದು ಭಯಕ್ಕೆ ಮಾತ್ರ ಒದಗುವುದಿಲ್ಲ, ಕ್ರೋಧಕ್ಕೂ ಮಾನಕ್ಕೂ ಒದಗುತ್ತದೆ. ಪಂಪನ ಆದಿಪುರಾಣವನ್ನು ಬಲ್ಲವರಿಗೆ ಭರತ ಬಾಹುಬಲಿಗಳ ಪ್ರಸಂಗ ಹೊಸದಲ್ಲ. ಸೈನ್ಯಗಳು ಹೊಡೆದಾಡಿ ನಿರಪರಾಧಿಗಳು ಸಾಯುವುದು ಬೇಡವೆಂದು ಮಂತ್ರಿಗಳು ಹೇಳಿದಾಗ ಸೋದರರು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಗೆ ಒಪ್ಪಿದರು. ಆಯುಧವನ್ನು ಹೊರಗಿಟ್ಟ ಆ ಒಪ್ಪಂದದಲ್ಲಿ ಭರತನಿಗೂ ಪೂರ್ಣ ಸಮ್ಮತಿಯಿತ್ತು. ಮೂರರಲ್ಲಿಯೂ ಸೋತಾಗ ಚಕ್ರವರ್ತಿಗೆ ನೆನಪಾದದ್ದು ಚಕ್ರರತ್ನ. ನೆನೆದೊಡನೆ ಬರುವ ಆಯುಧವದು. ಬಂದಿತು, ತಮ್ಮನ ಮೇಲೆ ಹೊರಟಿತು. ಭರತನು ದುರ್ಜನನಲ್ಲ, ಅದೇ ಜನ್ಮದಲ್ಲಿ ಮುಕ್ತಿ ಪಡೆದ ಮಹಾಪುರುಷ. ಅಂಥವನೂ ಅಪಮಾನದ ಒಂದು ಗಳಿಗೆಯಲ್ಲಿ ಕೊಟ್ಟ ಮಾತನ್ನು ಮೀರಿದನು. ಚಕ್ರವು ಬಾಹುಬಲಿಗೆ ಪ್ರದಕ್ಷಿಣೆ ಬಂದು ನಿಂತಿತು. ಪಿಸ್ತೂಲಿನ ಗುಂಡಿಗೆ ಹಾಗೆ ನಿಲ್ಲುವ ವಿವೇಕವಿಲ್ಲ.

ಆಧುನಿಕ ಮನಶ್ಶಾಸ್ತ್ರಜ್ಞರೂ ಇದೇ ಜಾಡಿನಲ್ಲಿ ಯೋಚಿಸಿದ್ದುಂಟು. 1967ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಬರ್ಕೋವಿಟ್ಜ್ ಮತ್ತು ಲೆಪೇಜ್ ಎಂಬವರು ನಡೆಸಿದ ಪ್ರಯೋಗದಲ್ಲಿ, ಕೋಪಗೊಳಿಸಲ್ಪಟ್ಟ ಯುವಕರು ಮೇಜಿನ ಮೇಲೆ ಬಂದೂಕು ಕಾಣುತ್ತಿದ್ದಾಗ ಎದುರಾಳಿಗೆ ಹೆಚ್ಚು ವಿದ್ಯುದಾಘಾತಗಳನ್ನು ಕೊಟ್ಟರು. ಅನಂತರದ ಪ್ರಯೋಗಗಳ ಫಲಿತಾಂಶ ಒಂದೇ ತೆರನಾಗಿಲ್ಲವಾದರೂ, ನಿಮಿತ್ತದ ಬಲವನ್ನು ಒಪ್ಪುವ ಜೈನರಿಗೆ ಈ ವಿಚಾರ ಅಪರಿಚಿತವೆನಿಸದು.

ಅಂಕಿಅಂಶಗಳು ಇನ್ನೊಂದು ಕಹಿಸತ್ಯವನ್ನು ತಿಳಿಸುತ್ತವೆ. 2023ರಲ್ಲಿ ಅಮೆರಿಕದಲ್ಲಿ ಬಂದೂಕು ಪಿಸ್ತೂಲುಗಳಿಂದ 46,728 ಜನ ಸತ್ತರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು, ಸುಮಾರು 27,300 ಜನ, ತಮ್ಮನ್ನು ತಾವೇ ಕೊಂದುಕೊಂಡವರು. ಪರರ ಭಯದಿಂದ ಮನೆಗೆ ತಂದ ಆಯುಧವು ಮನೆಯವರ ದುಃಖದ ಗಳಿಗೆಗೂ ಸಿಗುತ್ತದೆ; ಮತ್ತೆ ಯೋಚಿಸಲು ಅದು ಅವಕಾಶ ಕೊಡುವುದಿಲ್ಲ. ತತ್ತ್ವಾರ್ಥಸೂತ್ರವು ಅಜೀವಾಧಿಕರಣದಲ್ಲಿ ನಿಕ್ಷೇಪ, ಅಂದರೆ ವಸ್ತುವನ್ನು ಇಡುವ ರೀತಿಯನ್ನೂ ಎಣಿಸುತ್ತದೆ. ನೋಡದೆ ಇಡುವುದು, ಸರಿಯಾಗಿ ಶೋಧಿಸದೆ ಇಡುವುದು, ಅವಸರದಲ್ಲಿ ಇಡುವುದು, ಎಚ್ಚರವಿಲ್ಲದೆ ಎಲ್ಲಿಯೋ ಇಡುವುದು ಎಂದು ಅದರಲ್ಲಿ ನಾಲ್ಕು ಬಗೆ. ದಿನವೂ ಕಟ್ಟಿ, ದಿನವೂ ಬಿಚ್ಚಿ, ಹಾಸಿಗೆಯ ಬಳಿಯೋ ಕಾರಿನಲ್ಲಿಯೋ ಇಡುವ ಪಿಸ್ತೂಲಿಗೆ ಈ ನಾಲ್ಕು ದೋಷಗಳೂ ಒಂದಲ್ಲ ಒಂದು ದಿನ ಅಂಟದಿರುವುದು ಕಷ್ಟ.

ಸಜ್ಜನನ ಕೈಯಲ್ಲಿದ್ದರೆ ಅಪಾಯವಿಲ್ಲ ಎಂಬ ವಾದವೂ ಪೂರ್ಣ ನಿಲ್ಲುವುದಿಲ್ಲ. 2021ರ ಜೂನ್ 21ರಂದು ಕೊಲೊರಾಡೊದ ಅರ್ವಾಡಾ ಊರಿನಲ್ಲಿ ಪೊಲೀಸ್ ಅಧಿಕಾರಿಯೊಬ್ಬರನ್ನು ಕೊಂದ ಆಗಂತುಕನನ್ನು ಜಾನಿ ಹರ್ಲಿ ಎಂಬ ನಾಗರಿಕನು ತನ್ನ ಪಿಸ್ತೂಲಿನಿಂದ ತಡೆದನು. ಅನಂತರ ಅಲ್ಲಿಗೆ ಬಂದ ಇನ್ನೊಬ್ಬ ಪೊಲೀಸನು ಹರ್ಲಿಯನ್ನೇ ಹಂತಕನೆಂದು ತಿಳಿದು ಗುಂಡಿಟ್ಟು ಕೊಂದನು. ಕೈಯಲ್ಲಿ ಆಯುಧವಿರುವಾಗ ಸಜ್ಜನನೂ ದುರ್ಜನನೂ ದೂರದಿಂದ ನೋಡುವವನಿಗೆ ಒಂದೇ ತೆರನಾಗಿ ಕಾಣುತ್ತಾರೆ. ಮೈಬಣ್ಣ ಬೇರೆಯಾದವರಿಗೆ ಈ ಅಪಾಯ ಇನ್ನೂ ಹೆಚ್ಚು. 2016ರ ಜುಲೈಯಲ್ಲಿ ಮಿನ್ನೆಸೋಟದಲ್ಲಿ ಫಿಲಾಂಡೊ ಕ್ಯಾಸ್ಟೀಲ್ ಎಂಬ ಕಪ್ಪುವರ್ಣದ ಯುವಕನು ತನ್ನಲ್ಲಿ ಪರವಾನಿಗೆಯುಳ್ಳ ಪಿಸ್ತೂಲಿದೆಯೆಂದು ತಾನಾಗಿ ಪೊಲೀಸರಿಗೆ ತಿಳಿಸಿದ ಕೆಲವೇ ಕ್ಷಣಗಳಲ್ಲಿ ಗುಂಡಿಗೆ ಬಲಿಯಾದನು.

ಕಾಣಬೇಕೆಂದೇ ಧರಿಸುವುದು

ಮರೆಮಾಡಿ ಧರಿಸುವುದಕ್ಕೂ ಬಹಿರಂಗವಾಗಿ ಧರಿಸುವುದಕ್ಕೂ ನೈತಿಕವಾಗಿ ಒಂದು ಅಂತರವಿದೆ. ಬಹಿರಂಗ ಧಾರಣೆಯನ್ನು ಸಮರ್ಥಿಸುವವರು ಹೇಳುವುದೇ, ಕಂಡರೆ ದುಷ್ಟನು ಹೆದರಿ ದೂರ ಸರಿಯುತ್ತಾನೆ ಎಂದು. ಅಂದರೆ ಅದು ಕೆಲಸ ಮಾಡುವುದು ಭಯವನ್ನು ಹುಟ್ಟಿಸುವುದರ ಮೂಲಕ. ಆದರೆ ಆ ಭಯಕ್ಕೆ ದುಷ್ಟನನ್ನು ಮಾತ್ರ ಆರಿಸಿಕೊಳ್ಳುವ ಶಕ್ತಿಯಿಲ್ಲ. ಸಾಲಿನಲ್ಲಿ ಹಿಂದೆ ನಿಂತ ಬಸುರಿ, ತಾಯಿಯ ಕೈಹಿಡಿದ ಮಗು, ಮಾತು ಬಾರದ ಹೊಸ ವಲಸೆಗಾರ, ಎಲ್ಲರೂ ಅದನ್ನು ಕಾಣುತ್ತಾರೆ. ಧರಿಸಿದವನ ಮನಸ್ಸಿನಲ್ಲಿರುವ ಸದ್ಭಾವವು ಅವರಿಗೆ ಕಾಣುವುದಿಲ್ಲ.

1967ರ ಮೇ 2ರಂದು ಬ್ಲ್ಯಾಕ್ ಪ್ಯಾಂಥರ್ ಸಂಘಟನೆಯವರು ತುಂಬಿದ ಬಂದೂಕುಗಳನ್ನು ಬಹಿರಂಗವಾಗಿ ಹಿಡಿದು ಕ್ಯಾಲಿಫೋರ್ನಿಯಾದ ಶಾಸನಸಭೆಯ ಕಟ್ಟಡವನ್ನು ಪ್ರವೇಶಿಸಿದರು. ತಮ್ಮ ಜನರ ರಕ್ಷಣೆಗಾಗಿ ಎಂಬುದೇ ಅವರ ವಾದವಾಗಿತ್ತು. ಅದೇ ವರ್ಷ ಆ ರಾಜ್ಯವು ತುಂಬಿದ ಬಂದೂಕನ್ನು ಸಾರ್ವಜನಿಕವಾಗಿ ಹಿಡಿದು ನಡೆಯುವುದನ್ನು ನಿಷೇಧಿಸಿತು; ಅದಕ್ಕೆ ಸಹಿ ಹಾಕಿದವರು ಆಗಿನ ರಾಜ್ಯಪಾಲ ರೊನಾಲ್ಡ್ ರೇಗನ್. ಒಬ್ಬನ ರಕ್ಷಣೆಯು ಇನ್ನೊಬ್ಬನ ಕಣ್ಣಿಗೆ ಬೆದರಿಕೆಯಾಗಿ ಕಾಣುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳನ್ನು ಜೈನ ಮನೆಗಳಲ್ಲಿ ಮಕ್ಕಳೂ ಬಲ್ಲರು. ಧರ್ಮಸ್ಥಳಕ್ಕೆ ಕೀರ್ತಿ ತಂದಿರುವುದು ಈ ಚತುರ್ವಿಧ ದಾನದ ಪರಂಪರೆಯೇ. ಇವುಗಳಲ್ಲಿ ಅಭಯದಾನಕ್ಕೆ ಹಣ ಬೇಕಿಲ್ಲ, ಧಾನ್ಯ ಬೇಕಿಲ್ಲ. ತನ್ನ ಸಮೀಪಕ್ಕೆ ಬಂದ ಜೀವಕ್ಕೆ ತನ್ನಿಂದ ಭಯವಿಲ್ಲವೆಂಬ ಭರವಸೆಯನ್ನು ಕೊಡುವುದಷ್ಟೇ. ಬಡವನೂ ದಿನವಿಡೀ ಮಾಡಬಹುದಾದ ಈ ದಾನವನ್ನು ಬಹಿರಂಗ ಪಿಸ್ತೂಲು ತಡೆಯುತ್ತದೆ. ಶ್ರಾವಕನ ಪಾಲಿಗೆ ಮುಖ್ಯ ಆಕ್ಷೇಪವಿರುವುದು ಇಲ್ಲಿಯೇ.

ಕರ್ನಾಟಕದಲ್ಲಿ ಕೋವಿಯೊಡನೆ ಬಾಳುವ ಸಮಾಜವಿಲ್ಲವೇ ಎಂದು ಕೇಳಬಹುದು. ಕೊಡವರಿಗೆ ಬ್ರಿಟಿಷರ ಕಾಲದಿಂದಲೂ ಕೋವಿಯ ಪರವಾನಿಗೆಯಿಂದ ವಿನಾಯಿತಿಯಿದೆ. ಕೇಂದ್ರ ಸರಕಾರವು 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, ಕರ್ನಾಟಕ ಉಚ್ಚ ನ್ಯಾಯಾಲಯವು 2021ರಲ್ಲಿ ಎತ್ತಿಹಿಡಿಯಿತು. ಆದರೆ ಅಲ್ಲಿ ಕೋವಿಯು ಮನೆತನಕ್ಕೂ ಕೈಲ್‌ಪೊಳ್ದಿನ ಪೂಜೆಗೂ ಜನನ ಮರಣಗಳ ಆಚರಣೆಗೂ ಸೇರಿದ್ದು. ಪೇಟೆಯಲ್ಲಿ ಅಪರಿಚಿತರನ್ನು ಹೆದರಿಸಲು ತೊಡುವ ವಸ್ತುವಲ್ಲ. ಉಳಿದಂತೆ ಭಾರತದಲ್ಲಿ 1959ರ ಆಯುಧ ಕಾಯಿದೆಯಂತೆ ಪರವಾನಿಗೆ ಕಡ್ಡಾಯ. ಸಂಭ್ರಮಕ್ಕೆಂದು ಗುಂಡು ಹಾರಿಸುವುದನ್ನೂ 2019ರ ತಿದ್ದುಪಡಿಯು ಶಿಕ್ಷಾರ್ಹವಾಗಿಸಿದೆ.

ಟ್ರಸ್ಟುಗಳ ಕರ್ತವ್ಯ

ಗೃಹಸ್ಥನು ತನ್ನ ಮಟ್ಟಿಗೆ ನಿರ್ಧರಿಸಿಕೊಳ್ಳಬಹುದು. ಟ್ರಸ್ಟು ಎಲ್ಲರ ಪರವಾಗಿ ನಿರ್ಧರಿಸಬೇಕಾಗುತ್ತದೆ. ಟೆಕ್ಸಾಸ್‌ನಲ್ಲಿ 2019ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ನಿಯಮದಂತೆ, ಪೂಜಾಸ್ಥಾನದವರು ಬೇಡವೆಂದು ತಿಳಿಸದ ಹೊರತು ಪರವಾನಿಗೆಯುಳ್ಳವರು ಪಿಸ್ತೂಲಿನೊಡನೆ ಒಳಗೆ ಬರಬಹುದು. ಬೇಡವೆನ್ನುವವರು ಪ್ರವೇಶದ್ವಾರದಲ್ಲಿ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಭಾಷೆಗಳಲ್ಲಿ, ಒಂದು ಅಂಗುಲಕ್ಕೆ ಕಡಿಮೆಯಿಲ್ಲದ ಅಕ್ಷರಗಳಲ್ಲಿ ಫಲಕ ಹಾಕಬೇಕು. ಮರೆಮಾಡಿ ತರುವುದಕ್ಕೂ ಬಹಿರಂಗವಾಗಿ ತರುವುದಕ್ಕೂ ಪ್ರತ್ಯೇಕ ಒಕ್ಕಣೆಗಳನ್ನು ಕಾನೂನೇ ಗೊತ್ತುಪಡಿಸಿದೆ. ಅಂದರೆ ಅಲ್ಲಿ ಮೌನವೂ ಸಮ್ಮತಿಯಾಗುತ್ತದೆ. ಕೃತ, ಕಾರಿತಗಳ ಜೊತೆಗೆ ಅನುಮತವನ್ನೂ ಎಣಿಸಿದ ಸಿದ್ಧಾಂತದ ಅನುಯಾಯಿಗಳಿಗೆ ಈ ಮೌನದ ಅರ್ಥವನ್ನು ವಿವರಿಸಬೇಕಾಗಿಲ್ಲ.

ಫಲಕ ಹಾಕಿದ ಮಾತ್ರಕ್ಕೆ ಕರ್ತವ್ಯ ಮುಗಿಯದು. ಆಯುಧವನ್ನು ಬಾಗಿಲಲ್ಲಿ ಬಿಡಿಸಿದವರು ಒಳಗೆ ಬಂದವರ ರಕ್ಷಣೆಯ ಹೊಣೆಯನ್ನು ಹೊತ್ತಂತೆ. ಓಕ್ ಕ್ರೀಕ್ ಘಟನೆಯ ಅನಂತರ ಅದನ್ನು ಅಲಕ್ಷಿಸುವುದು ಅಹಿಂಸೆಯೆನಿಸುವುದಿಲ್ಲ, ಪ್ರಮಾದವೆನಿಸುತ್ತದೆ. ಒಳಗಿನಿಂದ ಭದ್ರಪಡಿಸಬಹುದಾದ ಬಾಗಿಲುಗಳು, ಹೊರಹೋಗಲು ಎರಡನೆಯ ದಾರಿ, ಕ್ಯಾಮೆರಾ, ಹಬ್ಬದ ದಿನಗಳಲ್ಲಿ ಸ್ಥಳೀಯ ಪೊಲೀಸರೊಡನೆ ಸಂಪರ್ಕ, ಸ್ವಯಂಸೇವಕರಿಗೆ ಪ್ರಥಮಚಿಕಿತ್ಸೆಯ ಅಭ್ಯಾಸ, ಇವೆಲ್ಲ ಯಾರಿಗೂ ಭಯ ಹುಟ್ಟಿಸದ ರಕ್ಷಣೋಪಾಯಗಳು. ಪೂಜಾಸ್ಥಾನಗಳೂ ಸೇರಿದಂತೆ ಲಾಭೋದ್ದೇಶವಿಲ್ಲದ ಸಂಸ್ಥೆಗಳ ಭದ್ರತೆಗಾಗಿ ಅಮೆರಿಕದ ಒಕ್ಕೂಟ ಸರಕಾರವು ಅನುದಾನ ಯೋಜನೆಯನ್ನೇ ನಡೆಸುತ್ತ ಬಂದಿದೆ. ಮಹಾಪರ್ವಗಳಲ್ಲಿ ಸಶಸ್ತ್ರ ಕಾವಲು ಅನಿವಾರ್ಯವೆಂದು ಕಂಡರೆ, ತರಬೇತಿಯುಳ್ಳ, ಕಾನೂನಿಗೆ ಉತ್ತರ ಕೊಡಬೇಕಾದ ಕಾವಲುಗಾರರನ್ನೇ ನೇಮಿಸುವುದು ಭಕ್ತರ ಸೊಂಟದಲ್ಲಿ ಹತ್ತಾರು ಪಿಸ್ತೂಲುಗಳನ್ನು ಒಪ್ಪುವುದಕ್ಕಿಂತ ಮೇಲು. ಅದೂ ಕಾರಿತ ದೋಷದಿಂದ ಮುಕ್ತವಲ್ಲವೆಂಬ ಅರಿವಿನಿಂದ, ಆದಷ್ಟು ಕಡಿಮೆ ದಿನಗಳಿಗೆ ಅದನ್ನು ಮಾಡಬೇಕು.

ಕರ್ನಾಟಕದ ಬಸದಿಗಳಿಗೂ ಈ ಚಿಂತನೆ ಹೊರತಲ್ಲ. 2013ರ ಜುಲೈಯಲ್ಲಿ ಮೂಡುಬಿದಿರೆಯ ಗುರುಬಸದಿಯಿಂದ ಅಮೂಲ್ಯ ಜಿನಬಿಂಬಗಳು ಕಳವಾದಾಗ ಸಮಾಜವೆಲ್ಲ ಮರುಗಿತು. ಬಿಂಬಗಳ ರಕ್ಷಣೆಗೆ ಗಟ್ಟಿಯಾದ ಬಾಗಿಲು, ಎಚ್ಚರದ ಕಾವಲು, ಸರಿಯಾದ ದಾಖಲೆ ಬೇಕೆಂಬುದನ್ನು ಆ ಘಟನೆ ಕಲಿಸಿತು.

ನಿಃಶಂಕತೆಯ ಅರ್ಥ

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೊದಲನೆಯದು ನಿಃಶಂಕಿತ. ಅದನ್ನು ವಿವರಿಸುವಾಗ ಏಳು ಭಯಗಳನ್ನು ಹೇಳುತ್ತಾರೆ. ಇಹಲೋಕ, ಪರಲೋಕ, ವೇದನೆ, ಮರಣ, ಆಕಸ್ಮಿಕ ಎಂಬ ಭಯಗಳೊಡನೆ, ಕಾಪಾಡುವವರಿಲ್ಲವೆಂಬ ಅತ್ರಾಣಭಯ, ಅಡಗಲು ಎಡೆಯಿಲ್ಲವೆಂಬ ಅಗುಪ್ತಿಭಯಗಳೂ ಅಲ್ಲಿವೆ. ಪಿಸ್ತೂಲಿನ ಮಾರಾಟಗಾರನು ಬಂಡವಾಳ ಮಾಡಿಕೊಳ್ಳುವುದು ಈ ಕೊನೆಯ ಎರಡು ಭಯಗಳನ್ನೇ. ಗೃಹಸ್ಥನು ಒಂದೇ ದಿನದಲ್ಲಿ ಇವನ್ನು ಗೆಲ್ಲಲಾರನು; ಗೆದ್ದಂತೆ ನಟಿಸಬೇಕಾಗಿಯೂ ಇಲ್ಲ. ಒಲೇತಾದಲ್ಲಿ ಅಂದು ಹಂತಕನನ್ನು ತಡೆಯಲು ಇಯನ್ ಗ್ರಿಲಟ್ ಎಂಬ ಯುವಕನು ಬರಿಗೈಯಲ್ಲಿ ಮುನ್ನುಗ್ಗಿ ಗುಂಡೇಟು ತಿಂದು ಬದುಕಿದನು. ಅವನಿಗೆ ಆ ಭಾರತೀಯರ ಪರಿಚಯವೂ ಇರಲಿಲ್ಲ. ಆಯುಧವಿಲ್ಲದವನು ಹೇಡಿಯೆಂಬ ಮಾತಿಗೆ ಅವನ ಗಾಯಗಳೇ ಸಾಕಷ್ಟು ಉತ್ತರ.

ಮನೆಯ ರಕ್ಷಣೆಗೆ ಆಯುಧ ಅನಿವಾರ್ಯವೆಂದು ನಿಜವಾಗಿ ನಂಬಿದ ಶ್ರಾವಕನನ್ನು ಸಮಾಜವು ಬಹಿಷ್ಕರಿಸಬೇಕಾಗಿಲ್ಲ. ಅವನು ಅದನ್ನು ಮಕ್ಕಳಿಗೂ ದುಃಖಿತರಿಗೂ ಸಿಗದಂತೆ ಬೀಗದಲ್ಲಿಡಲಿ, ಅದನ್ನು ವ್ರತದ ಕೊರತೆಯೆಂದು ಒಪ್ಪಿ ಪ್ರತಿಕ್ರಮಣದಲ್ಲಿ ಆಲೋಚಿಸಲಿ. ಆದರೆ ಸೊಂಟಕ್ಕೆ ಕಟ್ಟಿ ಬೀದಿಯಲ್ಲಿ ಮೆರೆಸುವುದನ್ನು ವಿರೋಧೀ ಹಿಂಸೆಯ ಹೆಸರಿನಲ್ಲಿ ಸಮರ್ಥಿಸಿಕೊಳ್ಳುವುದು ಶಾಸ್ತ್ರಕ್ಕೆ ಸಲ್ಲದು. ವಿದೇಶದ ಜಿನಮಂದಿರಗಳ ಟ್ರಸ್ಟುಗಳು ಬರುವ ದಶಲಕ್ಷಣ, ಪರ್ಯೂಷಣ ಪರ್ವಗಳಿಗೆ ಮುನ್ನ ಈ ವಿಷಯವನ್ನು ಮಹಾಸಭೆಯ ಮುಂದಿಟ್ಟು, ಮಹಿಳೆಯರ ಮತ್ತು ತರುಣರ ಮಾತನ್ನೂ ಕೇಳಿ, ಬಾಗಿಲ ಫಲಕದ ಒಕ್ಕಣೆಯನ್ನೂ ರಕ್ಷಣೆಯ ಏರ್ಪಾಡನ್ನೂ ಒಟ್ಟಿಗೆ ನಿರ್ಣಯಿಸುವುದು ಉಚಿತ. ಊರಿನಲ್ಲಿರುವ ತಂದೆತಾಯಿಗಳೂ ಹೊರದೇಶದಲ್ಲಿರುವ ಮಕ್ಕಳೊಡನೆ ಈ ಮಾತನ್ನು ಸಮಾಧಾನದಿಂದ ಎತ್ತಲಿ.